ನಿಂತುಹೋದ ತಿಂಗಳುಗಳ ಪಿಂಚಣಿಗೆ ಯಾರು ಹೊಣೆ?

ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ ಇದ್ದಕ್ಕಿದ್ದಂತೆ ನಿಂತು, ಅಲೆದಾಟದ ನಂತರ ಮತ್ತೆ ಶುರುವಾದರೆ ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ. ನಡುವೆ ತಪ್ಪಿಹೋದ ಹಣದ ಗತಿ ಏನು? ‘ಹಿಂದಿನದನ್ನು ಈಗ ನೋಡಲಾಗದು’ ಎಂಬ ಉತ್ತರವನ್ನು ಒಪ್ಪಿಕೊಂಡು ಮನೆಗೆ ಹೋಗಬೇಕಾಗಿಲ್ಲ.

‘ಇನ್ನು ಮುಂದಕ್ಕೆ ಬರುತ್ತೆ ಬಿಡಜ್ಜಿ, ಹಿಂದಿನದೆಲ್ಲ ಬರಲ್ಲ.’

ಕಚೇರಿಯ ಕಿಟಕಿಯ ಆಚೆಯಿಂದ ಬರುವ ಈ ಒಂದು ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಾವಿರ ರೂಪಾಯಿಗಳ ಲೆಕ್ಕವನ್ನು ಚುಕ್ತಾ ಮಾಡಿಬಿಡುತ್ತದೆ. ಹೇಳಿದವರಿಗೆ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಅವರ ಎದುರಿಗಿರುವ ಪರದೆಯಲ್ಲಿ ಮುಂದಿನ ತಿಂಗಳಿನಿಂದ ಪಾವತಿ ಶುರುಮಾಡುವ ದಾರಿ ಇದೆ, ಹಿಂದಿನದನ್ನು ಸೇರಿಸುವ ದಾರಿ ಕಾಣುತ್ತಿಲ್ಲ. ಕೇಳಿಸಿಕೊಂಡವರಿಗೂ ಅಷ್ಟೇ. ನಿಂತಿದ್ದು ಶುರುವಾಯಿತಲ್ಲ, ಹೆಚ್ಚು ಕೇಳಿದರೆ ಇದೂ ನಿಂತೀತು ಎಂಬ ಭಯ. ಹೀಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಬಾಗಿಲನ್ನು ತಟ್ಟುವುದು ಹೇಗೆ, ತಟ್ಟಿದರೆ ಎಷ್ಟರಮಟ್ಟಿಗೆ ತೆರೆದೀತು ಎಂಬುದು ಈ ಲೇಖನದ ವಿಷಯ.

ಮನೆ ಒಂದೇ, ಮೊಹರು ಮೂರು

ಹಾರೋಹಳ್ಳಿಯನ್ನೇ ನೋಡಿ. ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದವರಿಗೆ ಮೊದಲು ಕಾಣುವುದು ಕೈಗಾರಿಕಾ ಪ್ರದೇಶದ ದೊಡ್ಡ ಗೇಟುಗಳು, ಕಾರ್ಖಾನೆಯ ಬಸ್ಸುಗಳು, ವಿಶ್ವವಿದ್ಯಾಲಯದ ಕಟ್ಟಡಗಳು. ಹೆದ್ದಾರಿ ಬಿಟ್ಟು ಮರಳವಾಡಿ ಕಡೆಗೆ ತಿರುಗಿದರೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ಜಗುಲಿಯ ಮೇಲೆ ಕುಳಿತ ಹಿರಿಯರು. ದುಡಿಯುವ ವಯಸ್ಸಿನವರು ಕಾರ್ಖಾನೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಮನೆಯಲ್ಲಿ ಉಳಿದವರ ಕೈಗೆ ತಿಂಗಳಿಗೊಮ್ಮೆ ಬರುವ, ಅವರದೇ ಎನ್ನುವ ಹಣ ಈ ಪಿಂಚಣಿಯೊಂದೇ.

ಇಲ್ಲಿನ ಹಿರಿಯರೊಬ್ಬರು ಜೋಪಾನವಾಗಿಟ್ಟ ಹಳೆಯ ಕಾಗದಗಳನ್ನು ಹರವಿದರೆ ಆಡಳಿತದ ಚರಿತ್ರೆಯೇ ಸಿಗುತ್ತದೆ. 2007ಕ್ಕೂ ಹಿಂದಿನ ಮಂಜೂರಾತಿ ಆದೇಶವಾದರೆ ಅದರ ಮೇಲೆ ‘ಕನಕಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದಿರುತ್ತದೆ. 2007ರ ಆಗಸ್ಟ್ 23ರಂದು ರಾಮನಗರ ಜಿಲ್ಲೆ ಹುಟ್ಟಿತು; ಅಲ್ಲಿಂದಾಚೆಗಿನ ಕಾಗದಗಳಲ್ಲಿ ರಾಮನಗರದ ಮೊಹರು. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಈ ನಡುವೆ ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಹಾರೋಹಳ್ಳಿಯೇ ತಾಲ್ಲೂಕು ಕೇಂದ್ರವಾಯಿತು. ಜನರ ಮನೆ ಕದಲಿಲ್ಲ, ಕಚೇರಿ ಮಾತ್ರ ಬದಲಾಯಿತು.

ಹೊಸ ತಾಲ್ಲೂಕು ಜನರಿಗೆ ಅನುಕೂಲವೇ. ಆದರೆ ಹಳೆಯ ಬಾಕಿ ಕೇಳುವವರಿಗೆ ಇದರಲ್ಲಿ ಒಂದು ತೊಡಕಿದೆ. ಪಿಂಚಣಿ ನಿಂತಾಗ ಕಡತ ಇದ್ದದ್ದು ಕನಕಪುರದಲ್ಲಿ. ಈಗ ಕೇಳಬೇಕಾದದ್ದು ಹಾರೋಹಳ್ಳಿಯಲ್ಲಿ. ‘ಆಗ ನಾವಿರಲಿಲ್ಲ’ ಎಂದು ಇಲ್ಲಿ ಹೇಳಿದರೆ, ‘ಈಗ ಅದು ನಮ್ಮ ವ್ಯಾಪ್ತಿಯಲ್ಲ’ ಎಂದು ಅಲ್ಲಿ ಹೇಳಬಹುದು. ಇದಕ್ಕೆ ಉತ್ತರ ಸರಳ. ಪಿಂಚಣಿ ಕೊಡುವುದು ತಾಲ್ಲೂಕಲ್ಲ, ಕರ್ನಾಟಕ ಸರ್ಕಾರ. ಕಂದಾಯ ಇಲಾಖೆಯಡಿಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಹೊಣೆ ಅದು. ಕಡತವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ತರಿಸಿಕೊಳ್ಳುವ ಕೆಲಸ ಅಧಿಕಾರಿಯದು, ಅಜ್ಜಿಯದಲ್ಲ.

ಹಣ ಬಂದ ದಾರಿ, ನಿಂತ ಕಾರಣ

ದೇಶದ ಮಟ್ಟದಲ್ಲಿ ವೃದ್ಧಾಪ್ಯ ಪಿಂಚಣಿ 1995ರ ಆಗಸ್ಟ್ 15ರಂದು, ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದೊಂದಿಗೆ ಬಂತು. ಆಗ ಕೇಂದ್ರ ಕೊಡುತ್ತಿದ್ದುದು ತಿಂಗಳಿಗೆ 75 ರೂಪಾಯಿ. ಇವತ್ತಿಗೂ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು 200 ರೂಪಾಯಿ, 80 ದಾಟಿದವರಿಗೆ 500. ಉಳಿದದ್ದನ್ನು ರಾಜ್ಯ ತುಂಬುತ್ತದೆ. ಕರ್ನಾಟಕದಲ್ಲಿ 2007ರಲ್ಲಿ, ರಾಮನಗರ ಜಿಲ್ಲೆಯಾದ ವರ್ಷವೇ, ‘ಸಂಧ್ಯಾ ಸುರಕ್ಷಾ’ ಯೋಜನೆ ಶುರುವಾಯಿತು: 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಅಸಂಘಟಿತ ಕಾರ್ಮಿಕರಿಗೆ ತಿಂಗಳಿಗೆ 400 ರೂಪಾಯಿ. ಅದು 2018ರಲ್ಲಿ 1,000 ಆಯಿತು, 2021ರಲ್ಲಿ 1,200 ಆಯಿತು. ವಿಧವಾ ವೇತನ 2021ರಲ್ಲೇ 600ರಿಂದ 800ಕ್ಕೆ ಏರಿತು. ರಾಜ್ಯದಲ್ಲಿ ಇಂಥ ಪಿಂಚಣಿಗಳನ್ನು ನಂಬಿದವರು 70 ಲಕ್ಷಕ್ಕೂ ಹೆಚ್ಚು.

ಮೊದಲು ಈ ಹಣ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಆಮೇಲೆ ಅಂಚೆ ಖಾತೆ, ಬ್ಯಾಂಕ್ ಖಾತೆ; ಈಗ ಆಧಾರ್ ಜೋಡಣೆಯಾದ ಖಾತೆಗೆ ನೇರ ವರ್ಗಾವಣೆ. ನಡುವೆ ಕೈಯಾಡಿಸುವವರು ಕಡಿಮೆಯಾದದ್ದು ನಿಜ. ಆದರೆ ಪ್ರತಿ ಬದಲಾವಣೆಯಲ್ಲೂ ಒಂದಷ್ಟು ಜನ ಪಟ್ಟಿಯಿಂದ ಜಾರಿಬಿದ್ದರು. ಆಧಾರಿನಲ್ಲಿ ‘ಚಿಕ್ಕತಾಯಮ್ಮ’, ಪಿಂಚಣಿ ಆದೇಶದಲ್ಲಿ ‘ಚಿಕ್ಕತಾಯಿ’ ಎಂದಿದ್ದರೆ ಹೆಸರು ಹೊಂದುವುದಿಲ್ಲ. ಬ್ಯಾಂಕುಗಳು ವಿಲೀನವಾಗಿ ಸಂಕೇತ ಬದಲಾಗಿದ್ದರೆ ಹಣ ವಾಪಸು. ಮ್ಯಾಪಿಂಗ್ ಆಗಿಲ್ಲ, ಸೀಡಿಂಗ್ ಆಗಿಲ್ಲ ಎನ್ನುವ ಮಾತುಗಳು ಈಗ ಅಕ್ಷರ ಬಾರದವರ ಬಾಯಲ್ಲೂ ಸಲೀಸು.

ಇನ್ನೊಂದು ಕಾರಣ ಅನರ್ಹರನ್ನು ಕೈಬಿಡಲು ಆಗಾಗ ನಡೆಯುವ ಪರಿಶೀಲನೆ. ಸುಳ್ಳು ದಾಖಲೆ ಕೊಟ್ಟು ಪಿಂಚಣಿ ಪಡೆಯುವವರಿದ್ದಾರೆ, ಅವರನ್ನು ತಡೆಯಲೇಬೇಕು. ಆದರೆ ಆ ಜರಡಿಯಲ್ಲಿ ಅರ್ಹರೂ ಕೆಳಗೆ ಬೀಳುತ್ತಾರೆ. ಆಧಾರ್ ಮಾಡಿಸಿದ ದಿನ ಯಾರೋ ಅಂದಾಜಿನಲ್ಲಿ ನಮೂದಿಸಿದ ವಯಸ್ಸು ಐದಾರು ವರ್ಷ ಕಡಿಮೆಯಿದ್ದರೆ, ಎಪ್ಪತ್ತರ ಅಜ್ಜ ದಾಖಲೆಯಲ್ಲಿ ಅರವತ್ತನಾಲ್ಕರವನಾಗುತ್ತಾನೆ. ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ, ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ವಯಸ್ಸಿನ ಕಾರಣಕ್ಕೆ ಪಿಂಚಣಿ ನಿಂತವರು ಈ ತೀರ್ಪನ್ನು ತಮ್ಮ ಮನವಿಯಲ್ಲಿ ಧಾರಾಳವಾಗಿ ಉಲ್ಲೇಖಿಸಬಹುದು.

ಬಾಕಿಯಲ್ಲೂ ಬಗೆ ಇದೆ

ಎಲ್ಲ ಬಾಕಿಯೂ ಒಂದೇ ತೂಕದ್ದಲ್ಲ. ಕೇಳುವ ಮೊದಲು ನಮ್ಮದು ಯಾವ ಬಗೆಯದು ಎಂದು ತಿಳಿದುಕೊಳ್ಳಬೇಕು.

ಮೊದಲನೆಯದು, ಮಂಜೂರಾತಿ ಆದೇಶ ಇದ್ದೂ ಹಣ ಜಮೆಯಾಗದ ತಿಂಗಳುಗಳು. ಆದೇಶ ರದ್ದಾಗಿಲ್ಲ, ಫಲಾನುಭವಿ ಬದುಕಿದ್ದಾರೆ, ಖಜಾನೆಯಿಂದ ಹೊರಟ ಹಣ ತಾಂತ್ರಿಕ ಕಾರಣಕ್ಕೆ ಹಿಂದಿರುಗಿದೆ. ಇದು ಎಲ್ಲಕ್ಕಿಂತ ಗಟ್ಟಿಯಾದ ಹಕ್ಕು. ಸರ್ಕಾರ ತಾನೇ ಒಪ್ಪಿಕೊಂಡ ಸಾಲ ಇದು.

ಎರಡನೆಯದು, ‘ಅನರ್ಹ’ ಎಂದೋ ‘ಮೃತ’ ಎಂದೋ ‘ವಿಳಾಸದಲ್ಲಿಲ್ಲ’ ಎಂದೋ ನಿಲ್ಲಿಸಿ, ಆಮೇಲೆ ತಪ್ಪೆಂದು ಗೊತ್ತಾಗಿ ಮತ್ತೆ ಶುರುಮಾಡಿದ್ದು. ಮರುಚಾಲನೆ ಕೊಟ್ಟರೆಂದರೆ ನಿಲ್ಲಿಸಿದ್ದು ತಪ್ಪೆಂದು ಒಪ್ಪಿದಂತೆಯೇ. ಹಾಗಿದ್ದ ಮೇಲೆ ನಡುವಿನ ತಿಂಗಳುಗಳನ್ನು ತಡೆಹಿಡಿಯಲು ಕಾರಣವೇನು? ಈ ಪ್ರಶ್ನೆಯನ್ನು ಬರಹದಲ್ಲಿ ಕೇಳಬೇಕು.

ಮೂರನೆಯದು ಕಷ್ಟದ್ದು. ಅರ್ಜಿ ಕೊಟ್ಟದ್ದು ಒಂದು ದಿನ, ಮಂಜೂರಾದದ್ದು ಎಷ್ಟೋ ತಿಂಗಳ ನಂತರ. ಪಿಂಚಣಿ ಮಂಜೂರಾದ ದಿನದಿಂದಲೋ ಅರ್ಜಿಯ ದಿನದಿಂದಲೋ ಎಂಬುದು ಆದೇಶದ ಷರತ್ತಿಗೆ ಬಿಟ್ಟದ್ದು. ವಾದಕ್ಕೆ ಜಾಗವಿದೆ, ಖಾತರಿ ಇಲ್ಲ. ಅರ್ಜಿಯನ್ನೇ ಕೊಡದೆ ಕಳೆದ ಕಾಲಕ್ಕಂತೂ ಬಾಕಿ ಎಂಬುದೇ ಇಲ್ಲ. ಇದನ್ನು ಮರೆಮಾಚದೆ ಹೇಳುವುದು ಒಳ್ಳೆಯದು. ಸಿಗದ ಹಣದ ಆಸೆ ತೋರಿಸಿ ಹಿರಿಯರಿಂದ ದುಡ್ಡು ಕೀಳುವ ಮಧ್ಯವರ್ತಿಗಳು ಎಲ್ಲ ಕಚೇರಿಗಳ ಸುತ್ತ ಇರುತ್ತಾರೆ.

ಪಾಸ್‌ಬುಕ್ಕೇ ಸಾಕ್ಷಿ

ವಕೀಲರ ಹತ್ತಿರ ಹೋಗುವ ಮೊದಲು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ತುಂಬಿಸಿಕೊಂಡು ಬರಬೇಕು. ಆಮೇಲೆ ಒಂದು ಪೆನ್ಸಿಲು ಹಿಡಿದು ಕುಳಿತು, ಪಿಂಚಣಿ ಬಂದ ಸಾಲುಗಳಿಗೆಲ್ಲ ಗುರುತು ಹಾಕುತ್ತ ಹೋಗಬೇಕು. ಪ್ರತಿ ತಿಂಗಳೂ 800, 800, 800 ಎಂದು ಸಾಗಿದ ಸಾಲು ಎಲ್ಲಿ ಕಡಿಯಿತು, ಮತ್ತೆ ಎಲ್ಲಿ ಕೂಡಿಕೊಂಡಿತು ಎಂಬ ಎರಡು ದಿನಾಂಕಗಳೇ ಇಡೀ ಮನವಿಯ ಬೆನ್ನೆಲುಬು.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಧವಾ ವೇತನ 2023ರ ಸೆಪ್ಟೆಂಬರಿನಲ್ಲಿ ನಿಂತು 2025ರ ಮಾರ್ಚಿನಲ್ಲಿ ಮತ್ತೆ ಶುರುವಾಗಿದೆ. ನಡುವೆ ತಪ್ಪಿದ್ದು 18 ತಿಂಗಳು. ತಲಾ 800ರಂತೆ 14,400 ರೂಪಾಯಿ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ಇದು ಸುಮಾರು 39 ದಿನಗಳ ದುಡಿಮೆ. ಮಣ್ಣು ಹೊರಲಾಗದ ವಯಸ್ಸಿನವರಿಗೆ ಸಲ್ಲಬೇಕಾದ 39 ದಿನಗಳ ಕೂಲಿ.

ಈಗ ಅದೇ ಪಾಸ್‌ಬುಕ್ಕನ್ನು ಇನ್ನೊಮ್ಮೆ ನೋಡಿ. ಆ 18 ತಿಂಗಳಲ್ಲಿ ಅದೇ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿದೆಯೇ? ಅಡುಗೆ ಅನಿಲದ ಸಬ್ಸಿಡಿ, ಪಿಎಂ ಕಿಸಾನ್ ಕಂತು ಬಂದಿದೆಯೇ? ಇವೆಲ್ಲ ಆಧಾರ್ ಮೂಲಕವೇ ಬರುವ ಹಣ. ಬಂದಿದ್ದರೆ ‘ನಿಮ್ಮ ಖಾತೆ ಮ್ಯಾಪ್ ಆಗಿರಲಿಲ್ಲ’ ಎಂಬ ಕಾರಣ ನಿಲ್ಲುವುದು ಕಷ್ಟ. ಆ ಪುಟಗಳ ಜೆರಾಕ್ಸನ್ನು ಮನವಿಗೆ ಲಗತ್ತಿಸಿ, ಸಾಲುಗಳಿಗೆ ಗೆರೆ ಎಳೆದು ತೋರಿಸಬೇಕು.

ಇದರ ಇನ್ನೊಂದು ಮುಖವೂ ಇದೆ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮೊಬೈಲ್ ಸಿಮ್ ಕೊಳ್ಳುವಾಗ ಬೆರಳೊತ್ತಿದವರ ಹೆಸರಲ್ಲಿ ಅವರಿಗೇ ಗೊತ್ತಿಲ್ಲದೆ ಖಾತೆ ತೆರೆದು, ಅನಿಲ ಸಬ್ಸಿಡಿ ಅಲ್ಲಿಗೆ ಹರಿದದ್ದು 2017ರಲ್ಲಿ ದೇಶವಿಡೀ ಸುದ್ದಿಯಾಗಿತ್ತು. ಆದ್ದರಿಂದ ಹಣ ಬೇರೆ ಖಾತೆಯಲ್ಲಿ ಬಿದ್ದಿದೆಯೇ ಎಂದು ಮೊದಲು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬೇಕು. ಅಲ್ಲಿ ಸಿಕ್ಕಿದರೆ ಮೇಲ್ಮನವಿಯೇ ಬೇಡ.

ಬಾಯಿಮಾತಿನ ‘ಇಲ್ಲ’ ಬೇಡ, ಹಿಂಬರಹ ಕೊಡಿ

ಬಾಕಿ ಕೇಳುವವರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಅವರು ಬಾಯಲ್ಲಿ ಕೇಳುತ್ತಾರೆ, ಕಚೇರಿ ಬಾಯಲ್ಲೇ ಉತ್ತರಿಸುತ್ತದೆ. ಬಾಯಿಮಾತಿನ ಮೇಲೆ ಯಾವ ಮೇಲ್ಮನವಿಯೂ ನಡೆಯುವುದಿಲ್ಲ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ‘ಈ ಕೆಲಸ ಮಾಡಲು ಅಧಿಕಾರಿಗೆ ಆದೇಶಿಸಿ’ ಎಂದು ಕೇಳಬೇಕಾದರೂ ಮೊದಲು ನೋಡುವುದು ಎರಡನ್ನು: ನೀವು ಕೇಳಿದಿರಾ, ಅವರು ನಿರಾಕರಿಸಿದರಾ. ಎರಡಕ್ಕೂ ಕಾಗದ ಬೇಕು.

ಒಂದು ಪುಟದ ಮನವಿ ಸಾಕು. ಹೆಸರು, ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ, ಹಣ ನಿಂತ ತಿಂಗಳು, ಮತ್ತೆ ಬಂದ ತಿಂಗಳು, ಒಟ್ಟು ಬಾಕಿ, ನಿಲ್ಲಿಸುವ ಮುನ್ನ ನೋಟಿಸು ಬಂದಿತ್ತೇ ಇಲ್ಲವೇ. ಕೊನೆಯಲ್ಲಿ, ‘ಬಾಕಿ ಪಾವತಿಸಿ, ಸಾಧ್ಯವಿಲ್ಲವಾದರೆ ಯಾವ ನಿಯಮದಂತೆ ಎಂದು ಕಾರಣಸಹಿತ ಹಿಂಬರಹ ಕೊಡಿ’ ಎಂಬ ಸಾಲು. ಎರಡು ಪ್ರತಿ ಮಾಡಿಕೊಂಡು ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಒಪ್ಪದಿದ್ದರೆ ನೋಂದಾಯಿತ ಅಂಚೆ ಇದೆ.

ಬರುವ ಹಿಂಬರಹ ಸಾಮಾನ್ಯವಾಗಿ ಹೀಗಿರುತ್ತದೆ: ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಹಿಂದಿನ ಅವಧಿಯ ಪಿಂಚಣಿ ಪಾವತಿಸಲು ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ನೋಡಲು ಮುಗಿದ ಕಥೆ. ಆದರೆ ಈ ಸಾಲಿನಲ್ಲಿ ಏನೇನಿಲ್ಲ ಗಮನಿಸಿ. ಯಾವ ಸುತ್ತೋಲೆಯಡಿ ಅವಕಾಶವಿಲ್ಲ ಎಂದಿಲ್ಲ. ಯಾರು, ಯಾವಾಗ, ಯಾಕೆ ನಿಲ್ಲಿಸಿದರು ಎಂದಿಲ್ಲ. ಮರುಚಾಲನೆ ಕೊಟ್ಟ ಮೇಲೆ ಬಾಕಿ ಯಾಕಿಲ್ಲ ಎಂಬುದಕ್ಕೆ ಉತ್ತರವಿಲ್ಲ. ಇಂಥ ಹಿಂಬರಹವೇ ಮೇಲ್ಮನವಿಯ ಮೊದಲ ಆಧಾರ. ಒಂದು ಆದೇಶದ ಸಿಂಧುತ್ವವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ಹೊಸ ಕಾರಣಗಳನ್ನು ತಂದು ಜೋಡಿಸುವಂತಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರಲ್ಲೇ ಹೇಳಿದ್ದಾರೆ. ಕಾರಣವೇ ಇಲ್ಲದ ಆದೇಶಕ್ಕೆ ನಿಲ್ಲಲು ನೆಲವೇ ಇಲ್ಲ.

ನೋಟಿಸಿಲ್ಲದೆ ನಿಲ್ಲಿಸಿದ್ದರೆ ಇನ್ನೊಂದು ಹಳೆಯ ತೀರ್ಪು ನೆರವಿಗಿದೆ. ಒಡಿಶಾದ ವೈದ್ಯೆ ಬೀಣಾಪಾಣಿ ದೇವಿಯವರ ಜನ್ಮದಿನಾಂಕವನ್ನು ಸರ್ಕಾರ ತಾನೇ ತಿದ್ದಿ, ಸರಿಯಾಗಿ ವಿಚಾರಣೆ ಮಾಡದೆ ನಿವೃತ್ತಿಗೊಳಿಸಿತ್ತು. ವ್ಯಕ್ತಿಯ ಹಕ್ಕಿಗೆ ಧಕ್ಕೆ ತರುವ ನಿರ್ಧಾರ ಆಡಳಿತಾತ್ಮಕವೇ ಆಗಿದ್ದರೂ ಅವರ ಮಾತು ಕೇಳಿಯೇ ಕೈಗೊಳ್ಳಬೇಕೆಂದು ಸುಪ್ರೀಂ ಕೋರ್ಟ್ 1967ರಲ್ಲಿ ತೀರ್ಪಿತ್ತಿತು. ವಯಸ್ಸಿನ ನೆಪದಲ್ಲಿ ಪಿಂಚಣಿ ಕಳೆದುಕೊಂಡ ಪ್ರತಿಯೊಬ್ಬರಿಗೂ ಆ ತತ್ವ ಅನ್ವಯಿಸುತ್ತದೆ.

ಹಿಂಬರಹ ಬರದೇ ಹೋದರೆ? ಮಾಹಿತಿ ಹಕ್ಕು ಇದೆ. 2005ರ ಕಾಯ್ದೆಯ 4(1)(ಡಿ) ಕಲಮು, ತನ್ನ ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣಗಳನ್ನು ಬಾಧಿತ ವ್ಯಕ್ತಿಗೆ ಕೊಡುವುದು ಪ್ರಾಧಿಕಾರದ ಕರ್ತವ್ಯ ಎನ್ನುತ್ತದೆ. ಪಿಂಚಣಿ ನಿಲ್ಲಿಸಿದ ಆದೇಶದ ಪ್ರತಿ, ಗ್ರಾಮ ಆಡಳಿತ ಅಧಿಕಾರಿಯ ವರದಿ, ಕಡತದ ಟಿಪ್ಪಣಿ ಪುಟಗಳು, ಖಜಾನೆಯಿಂದ ಹಣ ಹಿಂದಿರುಗಿದ ದಾಖಲೆ ಇವನ್ನೆಲ್ಲ ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಮೇಲಿನ ಮೆಟ್ಟಿಲುಗಳು

ತಹಶೀಲ್ದಾರರ ಕಚೇರಿಯ ನಿರಾಕರಣೆ ಕೈಗೆ ಬಂದ ಮೇಲೆ ಮುಂದಿನ ಮೆಟ್ಟಿಲು ಉಪವಿಭಾಗಾಧಿಕಾರಿ. ಹಾರೋಹಳ್ಳಿಯವರಿಗೆ ಆ ಕಚೇರಿ ರಾಮನಗರದಲ್ಲಿದೆ. ಅಲ್ಲಿಂದ ಮೇಲೆ ಜಿಲ್ಲಾಧಿಕಾರಿ, ಅವರ ಮೇಲೆ ನಿರ್ದೇಶನಾಲಯ.

ಹೊಸ ಅರ್ಜಿ ತಿರಸ್ಕೃತವಾದರೆ ಅಥವಾ ಗಡುವಿನೊಳಗೆ ವಿಲೇವಾರಿಯಾಗದಿದ್ದರೆ ‘ಸಕಾಲ’ದ ದಾರಿ ಇದೆ. ಸರ್ಕಾರಿ ಸೇವೆಗೆ ಗಡುವು ಹಾಕುವ 2011ರ ಈ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಅರ್ಜಿಯ ಸಕಾಲ ಸಂಖ್ಯೆ ಹಿಡಿದು 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನೂ ಕಾಯ್ದೆ ಹೇಳುತ್ತದೆ. ಆದರೆ ಸಕಾಲದ ಕಣ್ಣಿರುವುದು ಹೊಸ ಸೇವೆಯ ಮೇಲೆ. ನಿಂತುಹೋದ ಹಳೆಯ ತಿಂಗಳುಗಳ ಪ್ರಶ್ನೆಯನ್ನು ಅದೊಂದೇ ಪರಿಹರಿಸುತ್ತದೆ ಎಂದು ನಂಬಿ ಕೂರಬಾರದು. ಅದರ ಜೊತೆಗೆ ಉಪವಿಭಾಗಾಧಿಕಾರಿಗೆ ಪ್ರತ್ಯೇಕ ಮೇಲ್ಮನವಿ, ಪಿಂಚಣಿ ಅದಾಲತ್ತಿನಲ್ಲಿ ಅರ್ಜಿ, 1902 ಸಂಖ್ಯೆಯ ಜನಸ್ಪಂದನದಲ್ಲಿ ದೂರು ಇವೂ ಇರಲಿ. ಅದಾಲತ್ತಿನಲ್ಲಿ ಅಧಿಕಾರಿ ಭರವಸೆ ಕೊಟ್ಟರೆ ಆ ದಿನದ ನಡಾವಳಿಯಲ್ಲಿ ಅದು ದಾಖಲಾಯಿತೇ ಎಂದು ನೋಡಿಕೊಂಡೇ ಏಳಬೇಕು.

ವಕೀಲರ ಶುಲ್ಕಕ್ಕೆ ಹೆದರಿ ಹಿಂಜರಿಯುವವರು ಬಹಳ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ವಿಧವಾ ವೇತನದ ಪ್ರತಿಯೊಬ್ಬ ಫಲಾನುಭವಿಯೂ ಇದರೊಳಗೆ ಬರುತ್ತಾರೆ. ರಾಮನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುವುದು ಅವರ ಕೆಲಸ.

ಹಳೆಯದಕ್ಕೆ ಎಷ್ಟು ಹಿಂದಕ್ಕೆ ಹೋಗಬಹುದು?

ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಯೊಂದಿಗೆ ಬಹಳ ಸೆಣಸಿವೆ. ಮೂರು ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಿದರೆ ಚಿತ್ರ ಸಿಗುತ್ತದೆ.

ಮೊದಲನೆಯದು 1993ರ ಮುಕುಂದ್ ಲಾಲ್ ಭಂಡಾರಿ ಪ್ರಕರಣ. 1930ರ ದಶಕದ ಕೊನೆಗೆ ನಿಜಾಮರ ಸಂಸ್ಥಾನದಲ್ಲಿ ನಡೆದ ಆರ್ಯ ಸಮಾಜದ ಚಳವಳಿಯಲ್ಲಿ ಭಾಗವಹಿಸಿದವರು ಸ್ವಾತಂತ್ರ್ಯ ಯೋಧರ ಪಿಂಚಣಿ ಕೇಳಿ ಕೋರ್ಟಿಗೆ ಹೋಗಿದ್ದರು. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ ಆ ಸಂಸ್ಥಾನದಲ್ಲೇ ಇದ್ದವು. ಅರ್ಜಿ ತಡವಾಯಿತೆಂದು ಪಿಂಚಣಿ ನಿರಾಕರಿಸುವಂತಿಲ್ಲ, ಪುರಾವೆ ಆಮೇಲೆ ಒದಗಿಸಿದ್ದರೂ ಅರ್ಜಿ ತಲುಪಿದ ದಿನದಿಂದಲೇ ಹಣ ಸಲ್ಲಬೇಕು ಎಂದಿತು ಸುಪ್ರೀಂ ಕೋರ್ಟ್. ಅರ್ಜಿಗೂ ಹಿಂದಿನ ಕಾಲಕ್ಕೆ ಬಾಕಿ ಇಲ್ಲ ಎಂದೂ ಹೇಳಿತು. ಸ್ವೀಕೃತಿಯ ಮೊಹರು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಎರಡನೆಯದು 2008ರ ತರ್ಸೆಮ್ ಸಿಂಗ್ ಪ್ರಕರಣ. ಆರೋಗ್ಯ ಕೆಟ್ಟ ಕಾರಣಕ್ಕೆ 1983ರಲ್ಲಿ ಸೇನೆಯಿಂದ ಹೊರಬಂದ ಸೈನಿಕ, ಅಂಗವಿಕಲ ಪಿಂಚಣಿಗಾಗಿ ಹೈಕೋರ್ಟ್ ಮೆಟ್ಟಿಲೇರಿದ್ದು 1999ರಲ್ಲಿ. ಪಿಂಚಣಿ ಕೊಡದಿರುವುದು ಪ್ರತಿ ತಿಂಗಳೂ ಮುಂದುವರಿಯುವ ತಪ್ಪು. ಆದ್ದರಿಂದ ತಡವಾಯಿತೆಂದು ಹಕ್ಕು ಸಾಯುವುದಿಲ್ಲ ಎಂಬುದು ತೀರ್ಪಿನ ಒಂದು ಭಾಗ. ಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತ ಎಂಬುದು ಇನ್ನೊಂದು ಭಾಗ.

ಮೂರನೆಯದು ಅದೇ 2008ರ ಸಿ. ಜೇಕಬ್ ಪ್ರಕರಣ. ಸತ್ತುಹೋದ ಹಕ್ಕಿನ ಬಗ್ಗೆ ವರ್ಷಗಳ ನಂತರ ಮನವಿ ಕೊಟ್ಟು, ಕಚೇರಿ ಅದನ್ನು ತಿರಸ್ಕರಿಸಿತೆಂಬ ಕಾರಣಕ್ಕೆ ಹೊಸದಾಗಿ ಕಾಲಾವಕಾಶ ಹುಟ್ಟುವುದಿಲ್ಲ ಎಂದು ಅಲ್ಲಿ ಕೋರ್ಟ್ ಎಚ್ಚರಿಸಿತು. ಮನವಿಯ ಮೇಲೆ ಮನವಿ ಕೊಡುತ್ತ ಕೂರುವವರು ಇದನ್ನು ಮನಸ್ಸಿನಲ್ಲಿಡಬೇಕು. ಮನವಿ ಒಂದು ಸಲ, ಜ್ಞಾಪನಪತ್ರ ಒಂದು ಸಲ. ಆಮೇಲೆ ಮೇಲ್ಮನವಿಗೇ ಹೋಗಬೇಕು.

ಈ ಮೂರೂ ನೌಕರರು, ಸೈನಿಕರು, ಸ್ವಾತಂತ್ರ್ಯ ಯೋಧರ ಪ್ರಕರಣಗಳು. ವೃದ್ಧಾಪ್ಯ ವೇತನ ಸೇವೆಗೆ ಸಂದ ಪಿಂಚಣಿಯಲ್ಲ, ಸಾಮಾಜಿಕ ನೆರವು ಎಂದು ಸರ್ಕಾರದ ವಕೀಲರು ವಾದಿಸಬಹುದು. ಅದಕ್ಕೂ ಉತ್ತರವಿದೆ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ವೃದ್ಧಾಪ್ಯ ಪಿಂಚಣಿಯನ್ನು ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಪಾವತಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. 2018ರ ಡಿಸೆಂಬರಿನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಹಿರಿಯರ ಘನತೆ, ಆರೋಗ್ಯ, ಆಶ್ರಯವನ್ನು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಂದಿಗೆ ಬೆಸೆಯಿತು. ತಿಂಗಳ 7ಕ್ಕೆ ಕೊಡಲೇಬೇಕಾದ ಹಣ 18 ತಿಂಗಳಾದರೂ ಬರದಿದ್ದರೆ ಅದು ಕೃಪೆಯಲ್ಲಿ ಬಂದ ಕೊರತೆಯಲ್ಲ, ಕರ್ತವ್ಯದಲ್ಲಿ ಆದ ಲೋಪ.

ತಪ್ಪು ಯಾರದೋ, ಭಾರ ಅವರದೇ

ಬ್ರಿಟನ್ನಿನಲ್ಲಿ ಸಾಮಾಜಿಕ ಭದ್ರತೆಯ ಹಳೆಯ ನಿರ್ಧಾರಗಳನ್ನು ಮರುಪರಿಶೀಲಿಸಲು ಸಾಮಾನ್ಯವಾಗಿ ಕಾಲಮಿತಿ ಇದೆ. ಆದರೆ ತಪ್ಪು ಇಲಾಖೆಯದಾಗಿದ್ದು, ಅದರಲ್ಲಿ ಫಲಾನುಭವಿಯ ಪಾಲಿಲ್ಲದಿದ್ದರೆ ಎಷ್ಟು ವರ್ಷವಾದರೂ ಅದನ್ನು ತಿದ್ದಬಹುದು. ಹಾಗೆ ತಿದ್ದಲು ಇಲಾಖೆ ಒಪ್ಪದಿದ್ದರೆ ಆ ನಿರಾಕರಣೆಯ ವಿರುದ್ಧವೂ ಮೇಲ್ಮನವಿ ಸಲ್ಲುತ್ತದೆ ಎಂದು ಅಲ್ಲಿನ ಮೇಲಿನ ನ್ಯಾಯಮಂಡಳಿ 2018ರಲ್ಲಿ ಹೇಳಿತು. ವಿವಾಹಿತ ಮಹಿಳೆಯರು, ವಿಧವೆಯರು, 80 ದಾಟಿದವರಿಗೆ ದಶಕಗಳ ಕಾಲ ಕಡಿಮೆ ಪಿಂಚಣಿ ಕೊಟ್ಟದ್ದು ಬೆಳಕಿಗೆ ಬಂದಾಗ, 2021ರ ಜನವರಿಯಿಂದ ಇಲಾಖೆಯೇ ಹಳೆಯ ಕಡತಗಳನ್ನು ತೆಗೆದು, ಬಾಕಿ ಲೆಕ್ಕಹಾಕಿ ಹಿಂದಿರುಗಿಸಲು ಶುರುಮಾಡಿತು.

ನಮ್ಮಲ್ಲೂ ಇದು ಆಗದ ಮಾತಲ್ಲ. ರಾಜಸ್ಥಾನದಲ್ಲಿ 2016ರ ಸುಮಾರಿಗೆ ದೊಡ್ಡ ಸಂಖ್ಯೆಯ ಪಿಂಚಣಿಗಳು ನಿಂತಾಗ, ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹಳ್ಳಿಗಳಿಗೆ ಹೋಗಿ, ದಾಖಲೆಯಲ್ಲಿ ‘ಮೃತ’ ಎಂದಿದ್ದ ಹಿರಿಯರನ್ನು ಜೀವಂತ ನಿಲ್ಲಿಸಿ ತೋರಿಸಿದರು. ಸರ್ಕಾರ ಮರುಪರಿಶೀಲನೆಗೆ ಇಳಿಯಬೇಕಾಯಿತು.

ಕರ್ನಾಟಕ ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ನೋಟಿಸು ಕೊಡದೆ, ಕನಿಷ್ಠ ಒಂದು ಸಲ ಮನೆಗೆ ಭೇಟಿ ಕೊಡದೆ ಯಾವ ಪಿಂಚಣಿಯನ್ನೂ ನಿಲ್ಲಿಸಬಾರದು. ನಿಲ್ಲಿಸಿದ್ದು ತಪ್ಪೆಂದು ಗೊತ್ತಾಗಿ ಮರುಚಾಲನೆ ಕೊಟ್ಟಾಗ, ನಿಂತ ತಿಂಗಳಿನಿಂದಲೇ ಬಾಕಿ ತಾನಾಗಿ ಲೆಕ್ಕಕ್ಕೆ ಬರುವಂತೆ ತಂತ್ರಾಂಶದಲ್ಲಿ ವ್ಯವಸ್ಥೆ ಬೇಕು. ಬಾಕಿ ನಿರಾಕರಿಸುವುದಾದರೆ ನಿಯಮ ಉಲ್ಲೇಖಿಸಿದ, ಮೇಲ್ಮನವಿ ಯಾರಿಗೆ ಎಂದು ಬರೆದ ಹಿಂಬರಹ ಕಡ್ಡಾಯವಾಗಬೇಕು. ಬಾಕಿ ಪಾವತಿಯನ್ನು ಸಕಾಲದ ಪಟ್ಟಿಗೆ ಪ್ರತ್ಯೇಕ ಸೇವೆಯಾಗಿ ಸೇರಿಸಬೇಕು. ಹೊಸ ತಾಲ್ಲೂಕಾಗಿ ಕಡತಗಳನ್ನು ಜೋಡಿಸಿಕೊಳ್ಳುತ್ತಿರುವ ಹಾರೋಹಳ್ಳಿಯಂಥ ಕಡೆ ಈ ಕೆಲಸ ಶುರುಮಾಡುವುದಕ್ಕೆ ಇದೇ ಸರಿಯಾದ ಹೊತ್ತು.

ಅದಾಗುವವರೆಗೆ ಓದುಬರಹ ಬಲ್ಲ ನಮ್ಮೆಲ್ಲರ ಮೇಲೂ ಒಂದು ಹೊಣೆ ಇದೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಊರಿನಲ್ಲಿ ಪಿಂಚಣಿ ಪಡೆಯುವ ಒಬ್ಬರಾದರೂ ಇರುತ್ತಾರೆ. ಅವರ ಪಾಸ್‌ಬುಕ್ ಕೇಳಿ ನೋಡಿ. ಸಾಲು ಕಡಿದಿದ್ದರೆ ಮನವಿ ಬರೆದುಕೊಡಿ, ಕಚೇರಿಗೆ ಜೊತೆಯಲ್ಲಿ ಹೋಗಿ, ಮೊಹರು ಹಾಕಿಸಿಕೊಡಿ. ಮೂರು ವರ್ಷದ ಗಡಿ ನೆನಪಿರಲಿ: ಸುಮ್ಮನೆ ಕಳೆದ ಪ್ರತಿ ತಿಂಗಳಿಗೂ ಹಿಂದಿನ ಒಂದು ತಿಂಗಳ ಹಣ ಕೈಗೆಟುಕದಂತೆ ಗಡಿಯಾಚೆಗೆ ಹೋಗುತ್ತದೆ. ಆದ್ದರಿಂದ ಆ ಮನವಿಯನ್ನು ಈ ವಾರವೇ ಬರೆಯಿರಿ.